ಕಿತ್ತಕ್ಕ ಬಿಟ್ಟ ಗಿಡ

ಊರು ಮುಗಿಯುವ ಕಡೆ ಒಂದು ಗುಡ್ಡದ ಪಾರ್ಕು. ಕೆಳಗೆ ಕಾಡು, ನೆತ್ತಿಯಲ್ಲಿ ಮೊಣಕಾಲೆತ್ತರದ ಕುರುಚಲು ಬಯಲು. ಆ ಬಯಲು ನೋಡಿಕೊಳ್ಳುವವಳಿಗೆ ಎಲ್ಲರೂ ಇಟ್ಟ ಹೆಸರು ಕಿತ್ತಕ್ಕ. ಸುಮ್ಮನೆ ಇಟ್ಟಿದ್ದಲ್ಲ ಬಿಡಿ. ಕಾಡಿನ ಬೀಜ ಹಾರಿ ಬಂದು ಬಯಲಲ್ಲಿ ಮರದ ಸಸಿ ಹುಟ್ಟಿತೋ, ಅವಳು ಬುಡಸಮೇತ ಕಿತ್ತೇ ಸೈ. ಬಿಟ್ಟರೆ ಬಯಲೆಲ್ಲ ಕಾಡಾಗಿ, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳು ಎಲ್ಲಿಗೆ ಹೋಗಬೇಕು? "ಪಾಪ, ಪುಟ್ಟ ಗಿಡ" ಅಂತ ಯಾರಾದರೂ ರಾಗ ಎಳೆದರೆ, "ಅಷ್ಟು ಪಾಪ ಅನ್ನಿಸಿದ್ರೆ ನಿಮ್ಮನೆ ಹಾಲ್‌ನಲ್ಲಿ ನೆಟ್ಕೊಳ್ಳಿ" ಅನ್ನುವಳು.

ಇಂಥವಳು ಒಂದು ಸಸಿಯನ್ನು ಏಳು ವರ್ಷ ಮುಟ್ಟದೆ ಬಿಟ್ಟಿದ್ದಳು ಅಂದರೆ ನಂಬುತ್ತೀರಾ? ದಾರಿ ಕವಲೊಡೆಯುವ ಬಂಡೆಯ ಪಕ್ಕ ಅದು ಆಳೆತ್ತರ ಬೆಳೆದಿತ್ತು. ಕಾರಣ ಅವಳ ಮಾವ. ಮುದುಕರಿಗೆ ಕಣ್ಣು ಮಂಜು. ಆದರೂ ದಿನಾ ಬೆಳಗ್ಗೆ ಕೋಲು ಹಿಡಿದು ಒಬ್ಬರೇ ಗುಡ್ಡ ಹತ್ತಬೇಕು, ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತದು. ಆ ಬಟಾಬಯಲಲ್ಲಿ ಮನೆ ಕಡೆ ತಿರುಗೋಕೆ ಅವರಿಗೆ ಗುರುತು ಆ ಗಿಡವೇ ಅಂತ ಅವಳ ಲೆಕ್ಕ. ಗಂಡ ಆಗಲೇ ಹೇಳಿಬಿಟ್ಟಿದ್ದ: "ಇನ್ನೊಂದ್ಸಲ ದಾರಿ ತಪ್ಪಿದ್ರೆ ಅಪ್ಪ ಮನೇಲೇ ಇರ್ಲಿ." ಕುರ್ಚಿಗೆ ಅಂಟಿ ಕೂತ ಮಾವನನ್ನು ನೆನೆಯಲೂ ಅವಳಿಗೆ ಆಗುತ್ತಿರಲಿಲ್ಲ. ಹೆತ್ತ ಅಪ್ಪನಿಗಿಂತ ಹೆಚ್ಚಾಗಿ ನೋಡಿಕೊಂಡ ಮನುಷ್ಯ ಅವರು.

ಈ ಸಲ ಸಸಿ ಕೀಳಲು ಇಪ್ಪತ್ತು ಜನ ಸ್ವಯಂಸೇವಕರು ಬಂದರು. ಎಲ್ಲರೂ ಹೇಳಿದ ಹಾಗೇ ಕೀಳುವವರು, ಬೆಳಗಿನಿಂದ ಬಯ್ಯಲು ಅವಳಿಗೆ ಒಬ್ಬರೂ ಸಿಕ್ಕಿರಲಿಲ್ಲ. ಅವರಲ್ಲಿ ಒಬ್ಬರು ನಿವೃತ್ತ ಟೀಚರ್. ನೇರ ಆ ಗಿಡದ ಮುಂದೆ ನಿಂತು ಕೇಳಿಯೇಬಿಟ್ಟರು: "ಏನಮ್ಮಾ, ಇದೊಂದು ಮನೆ ಅಳಿಯನಾ? ಸುತ್ತ ಸಂಸಾರ ಬೇರೆ ಹೂಡಿದೆ ನೋಡಿ!"

ಹೌದು, ಬುಡದ ಸುತ್ತ ಬೆರಳುದ್ದದ ಮರಿಗಳು. ಕಿತ್ತಕ್ಕನಿಗೆ ಬಾಯಿ ಕಟ್ಟಿಹೋಯಿತು. ಇಪ್ಪತ್ತು ಜನವೂ ಅವಳನ್ನೇ ನೋಡುತ್ತ ನಿಂತರು.

ಅಷ್ಟು ಹೊತ್ತಿಗೆ ಕೋಲಿನ ಸದ್ದು. ಮಾವ ಬರುತ್ತಿದ್ದರು, ಎಂದೂ ಬರದ ದಿಕ್ಕಿನಿಂದ, ಪ್ಯಾಂಟಿಗೆಲ್ಲ ಮುಳ್ಳು ಮೆತ್ತಿಕೊಂಡು.

"ಮಾವ, ನಿಮ್ಮ ಗಿಡ ಕೀಳ್ಬೇಕಾಗಿದೆ" ಅಂದಳು.

"ನನ್ನ ಗಿಡ? ಯಾವುದು?"

"ಇದೇ. ನೀವು ಮನೆ ಕಡೆ ತಿರುಗೋಕೆ ಗುರುತು ಇಟ್ಕೊಂಡಿರೋದು."

ಮುದುಕರು ಗಾಳಿಯಲ್ಲಿ ತಡಕಾಡಿದರು. ಒಂದು ಎಲೆ ಕೈಗೆ ಸಿಕ್ಕಿತು. "ಅಯ್ಯೋ, ಇಲ್ಲೊಂದು ಗಿಡ ಇದೆಯಾ? ನಂಗೆಲ್ಲಿ ಕಾಣುತ್ತಮ್ಮಾ ಇದು! ಬೆಳಗ್ಗೆ ನೀನು ಇಲ್ಲಿ ಯಾರಿಗಾದ್ರೂ ಬಯ್ತಾ ಇರ್ತೀಯಲ್ಲ, ಆ ಕಡೆ ತಿರುಗ್ತೀನಿ. ಇವತ್ತು ಸುಮ್ನೆ ನಿಂತ್ಬಿಟ್ಟೆ ನೋಡು, ಎಲ್ಲೆಲ್ಲೋ ಅಲೆದು ಬಂದೆ."

ಟೀಚರ್ ಕಿಸಕ್ಕನೆ ನಕ್ಕರು. ಕಿತ್ತಕ್ಕ ನಗಲು ಹೋಗಿ ಅತ್ತಳು. ಆಮೇಲೆ ಮೂಗೊರೆಸಿಕೊಂಡು ಗಿಡದ ಬುಡಕ್ಕೆ ಗುದ್ದಲಿ ಹಾಕಿದಳು. ಬೇರು ಜಗ್ಗಲು ಮಾವನೂ ಒಂದು ಕೈ ಕೊಟ್ಟರು.

ಮರುದಿನ ಬೆಳಗ್ಗೆ ದಟ್ಟ ಮಂಜು. ಬಯಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕಿತ್ತಕ್ಕ ಕವಲಿನ ಬಂಡೆ ಹತ್ತಿ, ಸೊಂಟಕ್ಕೆ ಕೈಯಿಟ್ಟು, ಯಾರೂ ಇಲ್ಲದ ಆ ಬಯಲಿಗೆ ಬಾಯಿಗೆ ಬಂದ ಹಾಗೆ ಬಯ್ಯತೊಡಗಿದಳು. ಕೋಲಿನ ಸದ್ದು ಹತ್ತಿರ ಬರುವವರೆಗೂ ನಿಲ್ಲಿಸಲಿಲ್ಲ.