ಸಂಪಿನ ಬಾಯಿಯ ಅಳತೆ

ಕಗ್ಗದಾಸಪುರದ ಜಟ್ಟೆಮ್ಮನ ಮನೆಯ ನೀರಿನ ಸಂಪಿನ ಬಾಯಲ್ಲಿ ಅಬ್ರಾರ್ ಸಿಕ್ಕಿಹಾಕಿಕೊಂಡ. ಕಾಲು ಒಳಗೆ, ಹೊಟ್ಟೆ ಮಧ್ಯೆ, ತಲೆ ಹೊರಗೆ. ಕೆಳಗೂ ಇಳಿಯಲಾರ, ಮೇಲೂ ಬರಲಾರ. ಮೂರು ಅಂತಸ್ತಿನ ಬಾಡಿಗೆ ಮನೆಗಳ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರೆಲ್ಲ ಬಟ್ಟೆ ಬಿಟ್ಟು ಮೊಬೈಲ್ ಹಿಡಿದರು. ಅದೇ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಬೆಳೆದು, ಈಗ ಬಾಡಿಗೆ ಬೆಳೆಯುತ್ತಿದ್ದ ಜಟ್ಟೆಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಗ್ಗಿ ನೋಡಿದರು.

"ಏನ್ ತಿಂತೀಯಪ್ಪಾ ನೀನು? ನಮ್ ಕೊಟ್ಟಿಗೇಲಿದ್ದ ಎಮ್ಮೇನೂ ಇಷ್ಟು ತಿಂತಿರ್ಲಿಲ್ಲ."

"ಅಮ್ಮಾ, ಮಾತು ಆಮೇಲೆ. ಪಾತ್ರೆ ತೊಳೆಯೋ ಸೋಪು ಇದ್ರೆ ಕೊಡಿ," ಎಂದ ಅಬ್ರಾರನ ಜೊತೆ ಸಂಪು ತೊಳೆಯಲು ಬಂದಿದ್ದ ಮುನಿಶಾಮಿ.

ಸೋಪು ಬಂತು. ಮುನಿಶಾಮಿ ಅಬ್ರಾರನ ಹೊಟ್ಟೆಯ ಸುತ್ತ ಎಣ್ಣೆ ಹಿಡಿದ ಬಾಣಲೆ ತಿಕ್ಕುವ ಹಾಗೆ ತಿಕ್ಕಿ, ಕಂಕುಳಿಗೆ ಕೈಹಾಕಿ ಎಳೆದ. ಮೇಲಿನ ಮನೆಯ ಒಬ್ಬ ಹುಡುಗ ಇಳಿದು ಬಂದು ಅವನೂ ಎಳೆದ. ಅಬ್ರಾರ್ ಹೊರಗೆ ಬಂದದ್ದೇ ತಡ, ಬಾಲ್ಕನಿಗಳಿಂದ ಚಪ್ಪಾಳೆ. ಹೀಗೆ ಮೇಲೆ ನಿಂತು ಚಪ್ಪಾಳೆ ತಟ್ಟುವವರಿಗೆ ತಾವು ಹಲ್ಲುಜ್ಜುವ ನೀರಿನ ತಳದಲ್ಲಿ ಎಷ್ಟು ಕೆಸರಿದೆ, ಅದನ್ನು ಯಾರು ಬಳಿಯುತ್ತಾರೆ ಎಂಬುದು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದರ್ದೂ ಅವರಿಗಿಲ್ಲ.

ಅಬ್ರಾರ್ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶಿವಾಜಿನಗರದ ಹುಡುಗ. ಹಲಸೂರಿನ ಮುನಿಶಾಮಿಯ ಜೊತೆ ಸೇರಿ ಸಂಪು ತೊಳೆಯುವ ಕೆಲಸ ಹಿಡಿದಾಗ ಕಡ್ಡಿಯ ಹಾಗಿದ್ದ. ಆಗ ಕೆಸರನ್ನು ಬಕೆಟ್ಟಿನಲ್ಲಿ ತುಂಬಿ ತಲೆಯ ಮೇಲೆತ್ತಿ ಕೊಡಬೇಕಿತ್ತು. ಆಮೇಲೆ ಮುನಿಶಾಮಿ ಕೆಸರು ಹೀರುವ ಮೆಷಿನ್ ತಂದ. ಎತ್ತುವುದು ತಪ್ಪಿತು, ತಿನ್ನುವುದು ತಪ್ಪಲಿಲ್ಲ. ಎರಡು ವರ್ಷದಲ್ಲಿ ಅಬ್ರಾರ್ ಊದಿಕೊಂಡ.

ವಾಪಸ್ಸು ಬರುವಾಗ ಮುನಿಶಾಮಿ ಅಬ್ರಾರನನ್ನು ಹಿಂದೆ ಕೂರಿಸಿಕೊಂಡು ಹಲಸೂರು ಕೆರೆಯವರೆಗೆ ಬಂದ. ಅಲ್ಲಿ ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ, ಮಂಡಿ ನೀವಿಕೊಳ್ಳುತ್ತಾ ಹೇಳಿದ: "ನನ್ನನ್ನ ಇಳಿಯಕ್ಕೆ ಈ ಮಂಡಿ ಬಿಡಲ್ಲ, ನಿನ್ನನ್ನ ಆ ಹೊಟ್ಟೆ ಬಿಡಲ್ಲ. ಇನ್ ಸಂಪಿಗೆ ಇಳಿಯೋನ್ಯಾರು, ನಮ್ಮಪ್ಪಾನಾ?"

"ಆ ಸಂಪೇ ಚಿಕ್ಕದು ಮುನಿಯಣ್ಣ."

"ಸಂಪು ಚಿಕ್ಕದಾಗಲ್ಲ ಮಗಾ. ಹೋದ್ ವರ್ಷ ಅದೇ ಬಾಯಲ್ಲಿ ಇಲಿ ಥರ ಇಳ್ದಿದ್ದೆ."

ಮುನಿಶಾಮಿ ಟೀ ಊದಿ ಕುಡಿದು ಮುಂದುವರಿಸಿದ: "ಅಕ್ತರ್ ಅಂತ ಒಬ್ಬ ಇದ್ದಾನೆ. ಪೇಂಟಿಂಗ್ ಕೆಲಸಕ್ಕೆ ಹೋಗ್ತಿದ್ದ, ಈಗ ಖಾಲಿ. ಸಣ್ಣಕ್ಕವ್ನೆ. ಶಿವರಾತ್ರಿ ತನಕ ನೋಡ್ತೀನಿ. ಬೇಸಿಗೇಲಿ ಟ್ಯಾಂಕರ್ ನೀರಿನ ಸೀಸನ್ ಶುರು ಆಗಿ ಸಂಪುಗಳಿಗೆಲ್ಲ ಕೆಸರು ತುಂಬಿದ್ಮೇಲೆ ನನ್ಗೆ ಇಳಿಯೋ ಆಳು ಬೇಕು."

ಇದರ ಅರ್ಥ ಅಬ್ರಾರನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗಿಳಿಯುವವನು ಪಾಲುದಾರ. ಮೇಲೆ ನಿಂತು ಪೈಪು ಹಿಡಿಯುವವನು ದಿನಗೂಲಿ. ಅಕ್ತರ್ ಇಳಿದರೆ ಪಾಲು ಅಕ್ತರನದು.

"ಇನ್ನೊಂದು," ಮುನಿಶಾಮಿ ಹೇಳಿದ. "ಗಾಡಿ ಹಿಂದಿನ ಶಾಕ್ ಅಬ್ಸಾರ್ಬರ್ ಕೂತ್ಬಿಟ್ಟಿದೆ. ಮೆಕ್ಯಾನಿಕ್ ಕೇಳ್ತಾನೆ, ಏನ್ ಸಾಮಿ, ಸಿಮೆಂಟ್ ಮೂಟೆ ಸಾಗಿಸ್ತಿದ್ದೀಯಾ ಅಂತ."

ಅಬ್ರಾರನಿಗೆ ಮೂಗಿನ ತುದಿಯಲ್ಲೇ ಕೋಪ. ಗ್ಲಾಸನ್ನು ಕುಕ್ಕಿದ. "ಖುದಾ ಕಸಮ್! ಇನ್ಮೇಲೆ ನಿನ್ ಗಾಡಿ ಹತ್ತಿದ್ರೆ ಕೇಳು. ಎಲ್ಲಿ ಕೆಲಸ ಇದ್ರೂ ನಾನೇ ಬರ್ತೀನಿ!"

"ಹೆಂಗ್ ಬರ್ತೀಯ?"

"ಹೆಂಗಾದ್ರೂ ಬರ್ತೀನಿ!"

ಸಿಟ್ಟಿನಲ್ಲಿ ಕೊಯ್ದ ಮೂಗು ಸಿಟ್ಟಿಳಿದ ಮೇಲೆ ಕೂಡಿಕೊಳ್ಳುವುದಿಲ್ಲ ಎನ್ನುತ್ತಾರೆ. ಕೆರೆಯಿಂದ ಶಿವಾಜಿನಗರಕ್ಕೆ ನಡೆದು ಹೋಗುವಷ್ಟರಲ್ಲೇ ಅಬ್ರಾರನ ಸಿಟ್ಟು ಅರ್ಧ ಇಳಿದಿತ್ತು. ಆಣೆ ಮಾತ್ರ ಪೂರ್ತಿ ಉಳಿದಿತ್ತು.

ಸೈಕಲ್ ಸಿಕ್ಕಿದ್ದು ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಆ ಸಂಪಿನ ಬಾಯಿ ದೊಡ್ಡದು, ಅಬ್ರಾರ್ ಸಲೀಸಾಗಿ ಇಳಿದಿದ್ದ. ಕೆಲಸ ಮುಗಿಸಿ ನೋಡಿದರೆ ಗೋಡೆಯುದ್ದಕ್ಕೂ ಗೇರ್ ಸೈಕಲ್‌ಗಳ ಸಾಲು. ಎಲ್ಲಕ್ಕೂ ಬೆರಳದ್ದುವಷ್ಟು ಧೂಳು, ಎಲ್ಲದರ ಟೈರೂ ಚಪ್ಪಟೆ. ಒಂದೊಂದೂ ಒಬ್ಬೊಬ್ಬರು ತೂಕ ಇಳಿಸುತ್ತೇನೆಂದು ತಂದದ್ದು. ಸಂಘದ ಕಾರ್ಯದರ್ಶಿ ಯಮುನಾ ಮೇಡಂ ತಮ್ಮದನ್ನು ತೋರಿಸಿದರು. "ನಿಮಗೆ ಬೇಕಾದ್ರೆ ತಗೊಂಡ್ ಹೋಗಿ. ನಾನು ಒಂದ್ ವಾರ ಓಡಿಸ್ದೆ ಅಷ್ಟೆ. ಮೋಟಿವೇಷನ್ ಉಳಿಯಲ್ಲಾರೀ."

ಮೋಟಿವೇಷನ್ ಎಂದರೇನು ಎಂದು ಅಬ್ರಾರ್ ಕೇಳಲಿಲ್ಲ. ಅದು ಉಳಿಯದಿದ್ದರೂ ಇವರು ಲಿಫ್ಟ್ ಹತ್ತಿ ಮನೆಗೆ ಹೋಗುತ್ತಾರೆ, ತನಗೆ ಹೋಗಲು ಕೆಲಸವೇ ಇರುವುದಿಲ್ಲ ಎಂಬುದಷ್ಟೇ ಅವನ ತಲೆಗೆ ಬಂತು. ಚಪ್ಪಟೆ ಟೈರಿನ ಸೈಕಲ್ಲನ್ನು ತಳ್ಳಿಕೊಂಡು ಹೊರಟ.

ಮೊದಲ ದಿನ ಕೆಲಸ ಸಿ.ವಿ. ರಾಮನ್ ನಗರದಲ್ಲಿ. ಹಲಸೂರು ದಾಟುವಾಗ ಮೈಗಂಟಿದ ಬಟ್ಟೆ, ಹೆಲ್ಮೆಟ್ಟು ಹಾಕಿದ ಒಂದು ಗುಂಪು ಸೈಕಲ್‌ನಲ್ಲಿ ಪಕ್ಕಕ್ಕೆ ಬಂತು. "ಕಮಾನ್ ಬ್ರೋ, ಸೂಪರ್!" ಎಂದು ಒಬ್ಬ ಹೆಬ್ಬೆರಳೆತ್ತಿದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದಿರಬಹುದು. ಅಬ್ರಾರನಿಗೆ ಬಾಲ್ಕನಿಯ ಚಪ್ಪಾಳೆ ಕೇಳಿತು. ಎದ್ದು ನಿಂತು ತುಳಿದ. ಒಂದು ಸಿಗ್ನಲ್‌ವರೆಗೆ ಅವರ ಹಿಂದೆ ಬಿದ್ದ. ಎರಡನೇ ಸಿಗ್ನಲ್‌ನಲ್ಲಿ ಮೋರಿಯ ಪಕ್ಕ ಬಗ್ಗಿ, ತಿಂದದ್ದನ್ನೆಲ್ಲ ಕಕ್ಕಿದ.

ಕೆಲಸದ ಮನೆಗೆ ತಡವಾಗಿ ಮುಟ್ಟಿದಾಗ ಮುನಿಶಾಮಿ ನೀರೆತ್ತುವ ಮೋಟಾರಿನ ಮೇಲೆ ಕೂತಿದ್ದ. "ಬಂದ್ರಾ ಸಾಹೇಬ್ರು? ಕುತ್ಕೊಳ್ಳಿ."

"ಕೂರಕ್ಕಾಗಲ್ಲ," ಎಂದ ಅಬ್ರಾರ್. ನಿಜವಾಗಿಯೂ ಆಗುತ್ತಿರಲಿಲ್ಲ.

ಆದರೆ ಸಿಟ್ಟು ಒಂದು ಉಪಕಾರ ಮಾಡಿತು. ಆ ಮೈಗಂಟಿದ ಬಟ್ಟೆಯವರನ್ನು ಬೈಯುತ್ತಲೇ ಅವನು ಅವರನ್ನು ಗಮನಿಸಿದ. ಅವರ ಸೀಟು ಎತ್ತರ, ತುಳಿಯುವಾಗ ಕಾಲು ನೀಳವಾಗುತ್ತದೆ. ತನ್ನ ಮಂಡಿ ಎದೆಗೆ ಬಡಿಯುತ್ತದೆ. ಸೀಟು ಏರಿಸಿದ. ಏರಿನಲ್ಲಿ ಅವರು ಎದ್ದು ಗುದ್ದಾಡುವುದಿಲ್ಲ, ಗೇರ್ ಇಳಿಸಿ ಗಾಣದೆತ್ತಿನ ಹಾಗೆ ನಿಧಾನ ತಿರುಗಿಸುತ್ತಾರೆ. ತಾನೂ ಹಾಗೇ ಮಾಡಿದ. ವಾಂತಿ ನಿಂತಿತು.

ಮೊದಮೊದಲು ಏಳುವುದು ಕಷ್ಟವಾಗಲಿಲ್ಲ. ಕಣ್ಣು ಮುಚ್ಚಿದರೆ ಜಟ್ಟೆಮ್ಮನ ಎಮ್ಮೆ, ಮೆಕ್ಯಾನಿಕ್ಕಿನ ಸಿಮೆಂಟ್ ಮೂಟೆ. ಆ ಉರಿಯಲ್ಲೇ ಪೆಡಲ್ ತಿರುಗುತ್ತಿತ್ತು. ತೊಂದರೆ ಬಂದದ್ದು ಉರಿ ಆರಿದಾಗ. ಬಾಲ್ಕನಿಯವರು ಹಿಡಿದ ವಿಡಿಯೋವನ್ನು ಎಲ್ಲರೂ ಮರೆತರು. ಓಣಿಯಲ್ಲಿ ಯಾರೂ ಕೆಣಕುವುದಿಲ್ಲ. ಬೈಯಲು ಒಬ್ಬರಾದರೂ ಬೇಡವೇ? ಚಳಿಗಾಲ ಬೇರೆ. ಒಂದು ಬೆಳಿಗ್ಗೆ ಕಂಬಳಿಯೊಳಗೇ ಫೋನ್ ತೆಗೆದು ಮುನಿಶಾಮಿಯ ಹೆಸರನ್ನು ತೆರೆದಿಟ್ಟುಕೊಂಡು ಮಲಗಿದ. ಒತ್ತಿದರೆ ಸ್ಕೂಟರ್ ಬರುತ್ತದೆ. ಸ್ಕೂಟರ್‌ನ ಜೊತೆ ಮುನಿಶಾಮಿಯ ಮುಖವೂ ಬರುತ್ತದೆ. ಅವನು ಏನೂ ಅನ್ನುವುದಿಲ್ಲ, ಬರೀ ಹಿಂದಿನ ಸೀಟನ್ನು ಬಟ್ಟೆಯಿಂದ ಒರೆಸಿ ಕೊಡುತ್ತಾನೆ. ಆ ಒರೆಸುವಿಕೆಯನ್ನು ನೆನೆದು ಅಬ್ರಾರ್ ಕಂಬಳಿ ಒದ್ದು ಎದ್ದ.

ಹೀಗೆ, ಹುರುಪು ಅನ್ನುವುದೇನಾದರೂ ಇದ್ದರೆ ಅದು ತೀರಿಹೋಗಿತ್ತು. ಕೆಲಸಕ್ಕೆ ಹೋಗಬೇಕು, ಹೋಗಲು ಬೇರೆ ದಾರಿಯಿಲ್ಲ. ಇಷ್ಟೇ ಉಳಿದದ್ದು. ಮೊಂಡುತನಕ್ಕೆ ಹುರುಪಿಗಿಂತ ಆಯಸ್ಸು ಜಾಸ್ತಿ.

ಆದರೂ ಹೊಟ್ಟೆ ಇಳಿಯಲಿಲ್ಲ. ಮೆಡಿಕಲ್ ಸ್ಟೋರಿನ ಮುಂದಿನ ತೂಕದ ಯಂತ್ರ ಹಟಕ್ಕೆ ಬಿದ್ದವರ ಹಾಗೆ ಅದೇ ಅಂಕಿ ಹೇಳುತ್ತಿತ್ತು. ಸಣ್ಣ ಬಾಯಿಯ ಸಂಪಿನ ಕೆಲಸ ಬಂದರೆ ಮುನಿಶಾಮಿ ಫೋನಿನಲ್ಲೇ "ಇವತ್ತಾಗಲ್ಲ ಸಾರ್" ಅನ್ನುತ್ತಿದ್ದ. ಹಾಗೆ ಅನ್ನುವಾಗ ಅಬ್ರಾರನ ಕಡೆ ನೋಡುತ್ತಿರಲಿಲ್ಲ. ನೋಡದಿರುವುದೇ ಅಬ್ರಾರನಿಗೆ ಚುಚ್ಚುತ್ತಿತ್ತು.

ಗುಟ್ಟು ಗೊತ್ತಾದದ್ದು ಅಡುಗೆಮನೆಯಲ್ಲಿ. ಒಂದು ಸಂಜೆ ಬೇಗ ಬಂದವನಿಗೆ ಅಮ್ಮಿ ಶಂಶುನ್ನೀಸಾ ಅವನ ಪಾಲಿನ ಸಾರಿಗೆ ಸೌಟುಗಟ್ಟಲೆ ತುಪ್ಪ ಹುಯ್ಯುವುದು ಕಣ್ಣಿಗೆ ಬಿತ್ತು. ತಂಗಿ ತೂಬಾ ಪಕ್ಕದಲ್ಲಿ ರೊಟ್ಟಿ ಲಟ್ಟಿಸುತ್ತಿದ್ದಳು.

"ಅಮ್ಮಿ! ಏನಿದು?"

"ಏನಿದು ಅಂದ್ರೆ? ಸೈಕಲ್ ತುಳ್ದೂ ತುಳ್ದೂ ಬತ್ತಿ ಹೋಗಿದ್ದೀಯ ಬೇಟಾ. ಓಣಿಯವ್ರು ಕೇಳ್ತಾರೆ, ಮಗನಿಗೆ ಊಟ ಹಾಕ್ತೀಯೋ ಇಲ್ವೋ ಅಂತ."

"ನಕ್ಕೋ ಅಮ್ಮಿ, ಬೇಡ! ಎಷ್ಟ್ ದಿನದಿಂದ ಹಾಕ್ತಿದ್ದೀಯ?"

"ಸೈಕಲ್ ಬಂದಾಗಿಂದ," ಎಂದಳು ತೂಬಾ, ಲಟ್ಟಣಿಗೆ ನಿಲ್ಲಿಸದೆ. "ನೀನು ತುಳಿಯೋದೆಲ್ಲ ಇಲ್ಲಿ ವಾಪಸ್ ತುಂಬ್ತಾ ಇದೆ ಭಾಯ್."

ಅಬ್ರಾರ್ ತಟ್ಟೆ ತಳ್ಳಿದ. ಕೂಗಾಡಿದ. ತನ್ನ ಬೆವರೆಲ್ಲ ತುಪ್ಪದ ಪಾಲಾಯಿತು ಎಂದ, ನನ್ನ ಅನ್ನಕ್ಕೆ ನೀನೇ ಕಲ್ಲು ಹಾಕಿದೆ ಎಂದ. ಅಮ್ಮಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಕಣ್ಣಲ್ಲಿ ನೀರಿಲ್ಲ, ಬರೀ ಗೊಂದಲ.

"ಅವಳಿಗೆ ಹೇಳಿದ್ದೀಯಾ?" ತೂಬಾ ಕೇಳಿದಳು. "ಯಾಕೆ ತುಳೀತಿದ್ದೀಯ ಅಂತ ಅವಳಿಗೆ ಯಾವತ್ತಾದ್ರೂ ಹೇಳಿದ್ದೀಯಾ? ವಿಡಿಯೋ ನಾನ್ ನೋಡ್ದೆ. ಅವಳಿಗೇನ್ ಗೊತ್ತು?"

ಹೇಳಿರಲಿಲ್ಲ. ಶೋಕಿಗೆ ಸೈಕಲ್ ತಂದ ಎಂದುಕೊಂಡಿದ್ದಳು ಅಮ್ಮಿ. ಅಬ್ರಾರ್ ನೆಲ ನೋಡುತ್ತಾ ಎಲ್ಲ ಹೇಳಿದ. ಸಿಕ್ಕಿಹಾಕಿಕೊಂಡದ್ದು, ಸೋಪು, ಅಕ್ತರ್, ಶಿವರಾತ್ರಿ. ಅಮ್ಮಿ ಎಲ್ಲ ಕೇಳಿಸಿಕೊಂಡು, ಆ ಹೆಂಗಸು ಯಾರು ನನ್ನ ಮಗನನ್ನು ಎಮ್ಮೆ ಅನ್ನಲು ಎಂದು ಜಟ್ಟೆಮ್ಮನಿಗೆ ಹಿಡಿ ಶಾಪ ಹಾಕಿದಳು. ತುಪ್ಪದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಸೇರಿಸಿದಳು. ಮರುದಿನದಿಂದ ಅವನ ತಟ್ಟೆಯಲ್ಲಿ ಎರಡು ರೊಟ್ಟಿ ಕಮ್ಮಿ. "ಇನ್ನೊಂದು?" ಎಂದು ಕೇಳುವುದನ್ನು ನುಂಗಿಕೊಳ್ಳುವುದು ಮಾತ್ರ ಅವಳಿಗೆ ಮಗ ಸೈಕಲ್ ತುಳಿಯುವುದಕ್ಕಿಂತ ಕಷ್ಟವಾಗಿ ಕಂಡಿತು.

ಅಬ್ರಾರ್ ತೂಕದ ಯಂತ್ರ ಹತ್ತುವುದನ್ನು ಬಿಟ್ಟ. ಅವನಿಗೆ ಬೇರೆ ಅಳತೆಯಿತ್ತು. ಮೊದಲು ಬನಿಯನ್ ಕೆರೆಯುತ್ತಿದ್ದ ಸಂಪಿನ ಅಂಚು ಈಗ ಬರೀ ತಾಕುತ್ತಿತ್ತು. ಒಂದು ದಿನ ತಾಕಲೂ ಇಲ್ಲ.

ಶಿವರಾತ್ರಿ ಕಳೆದು ಬಿಸಿಲು ಚುರುಕಾಯಿತು. ಮೊದಲ ಫೋನ್ ಬಂದದ್ದು ಬೆನ್ಸನ್ ಟೌನಿನ ಹಳೆಯ ಬಂಗಲೆಯಿಂದ. ಅಬ್ರಾರ್ ಸೈಕಲ್‌ನಲ್ಲಿ ಹೋದಾಗ ಮುನಿಶಾಮಿಯ ಸ್ಕೂಟರ್ ಆಗಲೇ ನಿಂತಿತ್ತು. ಅದರ ಪಕ್ಕ ಅಕ್ತರ್. ಬಣ್ಣದ ಕಲೆ ಬಿದ್ದ ಪ್ಯಾಂಟು, ಕೊಕ್ಕರೆಯ ಕಾಲು. ಯಾರೋ ಹೊಡೆಯುತ್ತಾರೇನೋ ಎಂಬಂತೆ ಭುಜ ಕುಗ್ಗಿಸಿಕೊಂಡು ನಿಂತಿದ್ದ.

"ಸಲಾಂ ಭಾಯ್," ಎಂದ. ಅಬ್ರಾರ್ ತಲೆಯಾಡಿಸಿದ.

ಮೋಟಾರು ನೀರು ಖಾಲಿ ಮಾಡಿತು. ಕಬ್ಬಿಣದ ಮುಚ್ಚಳ ಸರಿಸಿ ಗಾಳಿಯಾಡಲು ಬಿಟ್ಟರು. ಬಾಯಿ ಜಟ್ಟೆಮ್ಮನ ಸಂಪಿಗಿಂತಲೂ ಕಿರಿದು. ಮುನಿಶಾಮಿ ಇಬ್ಬರನ್ನೂ ನೋಡಿ, ಹಗ್ಗದ ತುದಿಯನ್ನು ಯಾರ ಕೈಗೂ ಕೊಡದೆ ಹಿಡಿದುಕೊಂಡ. "ಲೇ ಅಬ್ರಾರ್, ಹಟ ಬೇಡ. ಆಗಲ್ಲ ಅಂದ್ರೆ ಈಗ್ಲೇ ಹೇಳು. ಇಲ್ಲಿ ಸೋಪು ತಂದ್ಕೊಡೋರು ಯಾರೂ ಇಲ್ಲ."

ಅಬ್ರಾರ್ ಹಗ್ಗ ಕಿತ್ತುಕೊಂಡು ಕಂಕುಳಡಿ ಬಿಗಿದ. ಕಾಲಿಳಿಸಿದ. ಸೊಂಟ ಹೋಯಿತು. ಹೊಟ್ಟೆಯ ಹತ್ತಿರ ನಿಂತಿತು. ಹಿಂದೆ ಆಗಿದ್ದರೆ ಗುದ್ದಾಡುತ್ತಿದ್ದ. ಈಗ ಏರಿನಲ್ಲಿ ಗೇರ್ ಇಳಿಸುವಂತೆ ಸುಮ್ಮನೆ ನಿಂತ, ಉಸಿರನ್ನು ಪೂರ್ತಿ ಬಿಟ್ಟ, ಕೈ ಮೇಲೆತ್ತಿ ಸ್ವಲ್ಪ ಓರೆಯಾದ. ಚರ್ಮ ತರಚಿತು. ಇಳಿದ.

ಕತ್ತಲಲ್ಲಿ ನಿಂತು ಒಂದು ಕ್ಷಣ ಗೋಡೆ ಹಿಡಿದುಕೊಂಡ. ಆಮೇಲೆ ಬ್ರಷ್ ಕೇಳಿದ. ಗೋಡೆ ತಿಕ್ಕಿ, ಕೆಸರು ಹೀರಿಸಿ, ತೊಳೆದು, ಹಾಗೇ ಉಸಿರು ಬಿಟ್ಟು ಮೇಲೆ ಬಂದ. ಬಂಗಲೆಯ ಯಜಮಾನರು ವರಾಂಡದಿಂದಲೇ "ಆಯ್ತೇನ್ರೀ?" ಎಂದು ಕೇಳಿ ಪೇಪರ್ ಓದುತ್ತಾ ಕೂತರು. ಚಪ್ಪಾಳೆಯಿಲ್ಲ.

ಮುನಿಶಾಮಿ ತರಚಿದ ಹೊಟ್ಟೆ ನೋಡಿ, "ಅರಿಶಿನ ಹಚ್ಕೋ," ಎಂದ. ಸ್ವಲ್ಪ ತಡೆದು, "ನಾಳೆ ಕೆ.ಆರ್. ಪುರ, ತೂಗುಸೇತುವೆ ಆಚೆ. ಎರಡು ಸಂಪು, ಮಧ್ಯಾಹ್ನ ಇನ್ನೊಂದು. ಬೇಗ ಬಾ," ಎಂದ. ಪಾಲಿನ ಮಾತು ಅಷ್ಟರಲ್ಲೇ ಮುಗಿಯಿತು.

ಅಕ್ತರ್ ಪೈಪು ಸುತ್ತುತ್ತಿದ್ದ. ಯಾರೂ ಹೇಳದೆಯೇ ಒರೆಸಿ, ಮಡಿಕೆ ಬೀಳದ ಹಾಗೆ ಸುತ್ತುತ್ತಿದ್ದ. ಸುತ್ತಿ ಮುಗಿಸಿ, ಕೈ ಪ್ಯಾಂಟಿಗೆ ಒರೆಸಿಕೊಂಡು ಕೇಳಿದ: "ನಾನು... ನಾಳೆ ಬರ್ಬೇಕಾ ಅಣ್ಣ?"

ಮುನಿಶಾಮಿ ಅಬ್ರಾರನ ಕಡೆ ನೋಡಿದ. ಇಷ್ಟು ತಿಂಗಳು ಅಬ್ರಾರ್ ಮನಸ್ಸಿನಲ್ಲಿ ಬೈದು ಬೈದು ಸವೆಸಿದ್ದ ಹೆಸರು ಇದು. ಆ ಹೆಸರಿಗೆ ಇಂಥ ಮುಖವಿದೆ, ಆ ಮುಖವೂ ಕೆಲಸದ ಆಸೆಗೆ ಬೇಗ ಎದ್ದು ಬಂದಿರುತ್ತದೆ ಎಂದು ಅವನು ಯೋಚಿಸಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯಲಿಲ್ಲ.

"ಮೂರು ಸಂಪು ನಾನೊಬ್ನೇ ಇಳಿದ್ರೆ ಹೆಣ ಎತ್ಬೇಕಾಗುತ್ತೆ," ಎಂದ ಗಟ್ಟಿಯಾಗಿ. "ಅವ್ನೂ ಬರ್ಲಿ. ಇಳಿದಷ್ಟಕ್ಕೆ ಅವ್ನಿಗೂ ಪಾಲು ಕೊಡು."

"ಗಾಡೀಲಿ ಮೂರ್ ಜನ ಆಗಲ್ಲ ಮಗಾ. ಮೋಟಾರ್ ಬೇರೆ ಇರುತ್ತೆ."

"ನಾನ್ಯಾವಾಗ ಹತ್ತೀನಿ ಅಂದೆ? ಅವ್ನನ್ನ ಕೂರಿಸ್ಕೋ."

"ಕೆ.ಆರ್. ಪುರ ಕಣೋ. ದೂರ."

"ಗೊತ್ತು."

ಸೈಕಲ್ ಹತ್ತುವಾಗ ತರಚಿದ ಚರ್ಮ ಉರಿಯಿತು. ಅಬ್ರಾರ್ ಅಂಗಿಯನ್ನು ಹೊಟ್ಟೆಯಿಂದ ಎತ್ತಿ ಹಿಡಿದು, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು ಗೇಟು ದಾಟಿದ. ಅಷ್ಟು ದೂರ ತುಳಿಯಬೇಕೆಂದರೆ ನಾಳೆ ಕತ್ತಲಿರುವಾಗಲೇ ಹೊರಡಬೇಕು. ದಾರಿಯಲ್ಲೇ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಸಿಕೊಂಡ.