ಸಂಪಾದಕರ ಡಬ್ಬ

ಈಗಲೇ ಹೇಳಿಬಿಡುವುದೋ, ಹಾಲುತುಪ್ಪದ ದಿನದವರೆಗೆ ಕಾಯುವುದೋ? ಹೆಣದ ಮುಂದೆ ಆಡುವ ಮಾತೇ ಇದು? ಆಡದಿದ್ದರೆ ‘ತೂಬು’ ಪತ್ರಿಕೆ ತನ್ನ ಕುತ್ತಿಗೆಗೇ ಬೀಳುತ್ತದಲ್ಲ? ಗೋಜಲಾಗಿದ್ದ ಮೈಕಿನ ವೈರನ್ನು ಬಿಡಿಸುತ್ತ ಸಿದ್ದೇಶ ಯೋಚಿಸುತ್ತಿದ್ದ. ಸಾವಿನ ಮನೆಗೆ ಮೈಕು ತರಿಸಿದವರು ಯಾರೋ, ಬಿಡಿಸುವ ಕೆಲಸ ಮಾತ್ರ ಅವನದು. ‘ತೂಬು’ ಶುರುವಾದಾಗಿನಿಂದ ಹೀಗೆಯೇ. ತೀರಿಕೊಂಡ ಚಿಕ್ಕಸಿದ್ದಯ್ಯ ಅದರ ಸಂಪಾದಕರು. ಪುಟ ಕಟ್ಟುವವನು, ಕರಡು ತಿದ್ದುವವನು, ಪತ್ರಿಕೆಯ ಕಟ್ಟು ಹೊತ್ತು ಕೆ.ಆರ್. ಪೇಟೆ ಬಸ್ಸು ಹತ್ತುವವನು ಸಿದ್ದೇಶ. ಬಂದ ದುಡ್ಡೆಲ್ಲ ಪಾಂಡವಪುರದ ಒಂದು ಮಕ್ಕಳ ಆಶ್ರಮಕ್ಕೆ. ಇನ್ನು ನನ್ನಿಂದಾಗದು ಎನ್ನಲು ಅವನು ಕಳೆದ ವಾರ ಬಂದಿದ್ದ. ಅವರು ಕೆಮ್ಮುತ್ತ ಮಲಗಿದ್ದರು. ಹಾಗೇ ಹಿಂದಿರುಗಿದ್ದ.

ಶಾಮಿಯಾನದ ಕೆಳಗೆ ಕವಿಗಳು ಒಬ್ಬರ ಹಿಂದೊಬ್ಬರು ನುಡಿನಮನ ಓದುತ್ತಿದ್ದರು. ಈಗ ನಾಗಮಂಗಲದ ದೇವರಾಜು.

“ಇನ್ನೂ ಎಷ್ಟ್ ಜನ ಅವ್ರಪ್ಪ?” ಸತ್ತವರ ತಮ್ಮ ಮರಿಯಯ್ಯ ಸಿದ್ದೇಶನ ಕಿವಿಯಲ್ಲಿ ಕೇಳಿದ. “ಗುಂಡಿ ತೋಡಿ ಅದ್ಯಾವಾಗ್ಲೋ ಆಯ್ತು.”

“ನಾನೇನ್ ಮಾಡ್ಲಿ ಮರಿಯಣ್ಣ? ಎಲ್ರ ಕೈಲೂ ಹಾಳೆ ಅವೆ.”

“ಸತ್ತೋನೇ ಎದ್ದು ಓಡೋಗ್ಬೇಕು, ಅಂಗ್ ಓದ್ತಾವ್ರೆ ಕಣ್ಲಾ.”

ಗೋಡೆಯ ಪಕ್ಕ ಆಶ್ರಮದ ಮಕ್ಕಳು ಬಿಸಿಲಲ್ಲಿ ನಿಂತಿದ್ದರು. ಕೆಲವರ ಕನ್ನಡಕ ಬೆವರಿಗೆ ಜಾರುತ್ತಿತ್ತು.

*

ಗೋವಿಂದನಹಳ್ಳಿ ಗುಡಿಯ ಅಂಗಳದಲ್ಲಿ ನಡೆದ ‘ತೂಬು’ ಪತ್ರಿಕೆಯ ಮೊದಲ ಕವಿಗೋಷ್ಠಿಯಲ್ಲೂ ದೇವರಾಜು ಹೀಗೇ ಓದಿದ್ದರು. ಎರಡನೆಯ ಪುಟ ತಿರುವುವಷ್ಟರಲ್ಲಿ ಗಡಗಡ ಸದ್ದು. ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದ ಚಿಕ್ಕಸಿದ್ದಯ್ಯ ಚಿಲ್ಲರೆ ತುಂಬಿದ ತಗಡಿನ ಡಬ್ಬ ಅಲ್ಲಾಡಿಸುತ್ತ ಎದ್ದಿದ್ದರು.

“ನೀರ್ ಜಾಸ್ತಿ ಆಯ್ತು ದೇವರಾಜಣ್ಣ. ಇನ್ನೊಂದ್ ಪುಟ ಓದ್ಬೇಕಾ? ನೂರ್ ರೂಪಾಯ್ ಆಕಿ. ಮಕ್ಳ ಕನ್ನಡಕಕ್ಕೆ.”

ಜನ ಬಿದ್ದು ಬಿದ್ದು ನಕ್ಕರು. ದೇವರಾಜು ನೂರು ಹಾಕಿಯೇ ಮುಂದೆ ಓದಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಸಿದ್ದೇಶ ಸಿಡುಕಿದ್ದ. “ಇದು ಸಾಹಿತ್ಯ ಪತ್ರಿಕೆನಾ, ಹುಂಡಿನಾ? ಆ ಪದ್ಯನೂ ಅಚ್ಚು ಮಾಡ್ಬೇಕಾ?”

“ಮಾಡು ಕಣ್ಲಾ. ಪದ್ಯ ಎಂಗಾರ ಇರ್ಲಿ, ಕನ್ನಡಕ ಚೆಂದಾಗಿರ್ತದೆ.”

ಸಿದ್ದೇಶ ಕಿಟಕಿಯ ಕಡೆ ತಿರುಗಿಕೊಂಡಿದ್ದ.

*

ದೇವರಾಜು ಇನ್ನೊಂದು ಪುಟ ತಿರುವಿದರು. ಗೋಡೆಯ ಪಕ್ಕದ ಹುಡುಗಿಯೊಬ್ಬಳು ನಿಲ್ಲಲಾರದೆ ಕುಸಿದು ಕೂತಳು. ಅದನ್ನು ಕಂಡ ತಿಮ್ಮಮ್ಮ ಗಂಡನ ತಲೆಯ ಬಳಿಯಿಂದ ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಆ ಡಬ್ಬವಿತ್ತು. ನೇರ ಸಿದ್ದೇಶನ ಮುಂದೆ ಬಂದು ಹಿಡಿದರು.

“ತಗಳಪ್ಪ. ಅವ್ರಿದ್ದಿದ್ರೆ ಈ ಒತ್ಗೆ ಅಲ್ಲಾಡ್ಸ್‌ಬುಡ್ತಿದ್ರು.”

“ನಾನಾ? ಅಮ್ಮಾ, ನಾನು...”

“ಮತ್ಯಾರಪ್ಪ? ಮಕ್ಳು ಬಿಸ್ಲಲ್ಲಿ ಬೇಯ್ತಾವೆ.”

ಈಗ ಹೇಳಬಹುದಿತ್ತು. ಅಷ್ಟರಲ್ಲಿ ದೇವರಾಜು ಗಂಟಲು ಸರಿಪಡಿಸಿಕೊಂಡು ಮೈಕಿನಲ್ಲಿ “ಭಾಗ ಎರಡು” ಎಂದರು. ಸಿದ್ದೇಶನ ಕೈ ತಾನಾಗಿ ಮೇಲೆದ್ದಿತು. ಗಡಗಡ.

ಮರಿಯಯ್ಯ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ, ನಗುತ್ತಲೇ ಅತ್ತ. ದೇವರಾಜು ಹಾಳೆ ಮಡಚಿದರು, ಹತ್ತಿರ ಬಂದು ಡಬ್ಬಕ್ಕೆ ನೋಟೊಂದನ್ನು ತುರುಕಿದರು.

“ಇದ್ನ ಅಚ್ಚಾಕ್ತೀಯಲ್ವಾ?” ಎಂದು ಪಿಸುಗುಟ್ಟಿದರು.

“ಕಳ್ಸಿ. ಒಂದೇ ಪುಟ.”

ಚಟ್ಟ ಎದ್ದಿತು. ಸಿದ್ದೇಶನೂ ಹೆಗಲು ಕೊಟ್ಟ. ಡಬ್ಬ ಇಡಲು ಜಾಗ ಕಾಣದೆ ಕಂಕುಳಲ್ಲೇ ಅವುಚಿಕೊಂಡಿದ್ದ. ನಾಲೆಯ ಏರಿಯುದ್ದಕ್ಕೂ ಹೆಜ್ಜೆ ಹೆಜ್ಜೆಗೆ ಅದು ಸದ್ದು ಮಾಡಿತು. ಹಿಂದೆ ಬರುತ್ತಿದ್ದ ಮಕ್ಕಳು ಆ ಸದ್ದು ಹಿಡಿದೇ ನಡೆದರು.

ಪತ್ರಿಕೆ ಬಿಡುತ್ತೇನೆಂದು ಅವನು ಯಾರಿಗೂ ಹೇಳಲಿಲ್ಲ.