ಮಣಿಕಟ್ಟಿನ ಸಂಪಗಿ

ಹಚ್ಚಿದ ಗಳಿಗೆಗೆ ಅತ್ತರದ್ದು ಹೂವಿನ ವಾಸನೆಯೇ ಅಲ್ಲ, ಚುರ್ ಅಂತ ಮೂಗಿನಿಂದ ನೆತ್ತಿಗೇ ಏರುತ್ತದೆ, ಆಮೇಲೆ ಮೈಯ ಕಾವಿಗೆ ಮೆತ್ತಗಾಗಿ ನಿಧಾನ ಬಿಚ್ಚಿಕೊಳ್ಳುತ್ತದೆ, ಹಳದಿ, ದಪ್ಪ, ಮಾಗಿ ಕರಿಯಾದ ಬಾಳೆಹಣ್ಣಿನಂಥ ಸಿಹಿ — ಚನ್ನವ್ವ ಎಡಗೈಯ ಮಣಿಕಟ್ಟನ್ನು ಮೂಗಿಗೆ ಒತ್ತಿಕೊಂಡೇ ಬಲಗೈಯಿಂದ ಗಂಡನ ಕಾಲಿನ ಪಟ್ಟಿ ಬಿಚ್ಚುತ್ತಾಳೆ, ಹೀಗೆ ಮಾಡದಿದ್ದರೆ ಆಗುವುದಿಲ್ಲ, ಮೊನ್ನೆ ಆ ಕಾಲಿನ ನಾತಕ್ಕೆ ಹಾಸಿಗೆಯ ಪಕ್ಕದಲ್ಲೇ ಅವಳಿಗೆ ವಾಂತಿಯಾಗಿತ್ತು, ಹೆಬ್ಬೆರಳು ಹೋಗಿ ಆರು ತಿಂಗಳು, ಈಗ ಮೀನಖಂಡದ ತನಕ ಕಪ್ಪು, ಸಕ್ಕರಿ ಬ್ಯಾನಿ ಮೊದಲು ಕಣ್ಣು ತಿಂದಿತು, ಆಮೇಲೆ ಕಾಲಿಗೆ ಇಳಿಯಿತು, ಬೆಳಗಾವಿಯ ಡಾಕ್ಟರು ಮೊಣಕಾಲಿಗೆ ತೆಗೆಯೋಣ ಅಂದಾಗ ಮಡಿವಾಳೆಪ್ಪ ಬ್ಯಾಡ್ರಿ, ಎರಡೂ ಕಾಲ ತಗೊಂಡ ಹೋಗತೇನಿ ಅಂದ, ಹಂಗಾದರ ಮನಿಗೆ ಕರಕೊಂಡ ಹೋಗ್ರಿ ಅಂದರು, ಈಗ ಉಸಿರು ಇನ್ನು ಎರಡು ದಿನ, ಹೆಚ್ಚಂದ್ರ ಮೂರು. ಪಕ್ಕದ ಮನೆಯ ಟಿವಿಯಲ್ಲಿ ಕಾರ್ಗಿಲ್ ಸುದ್ದಿ, ಯಾರೋ ಸತ್ತವರ ಹೆಸರು ಓದುತ್ತಿದ್ದಾರೆ. ಬೈಲಹೊಂಗಲದ ಪ್ಯಾಟಿಯಲ್ಲಿ ಅತ್ತರದ ಸಾಬರು ಯಾವುದ ಕೊಡ್ಲೆವ್ವಾ ಅಂದಾಗ ಮಲ್ಲಿಗೆ ಇತ್ತು, ಕೇದಗಿ ಇತ್ತು, ಆದರೆ ಅವಳ ಬಾಯಿಂದ ತಾನಾಗಿ ಸಂಪಗಿ ಬಂತು, ಬಂದಮೇಲೆ ತಾನೇ ಬೆಚ್ಚಿದಳು, ಹನ್ನೆರಡು ವರ್ಷ ಗಂಡನ ಅಂಗಿಯಲ್ಲಿ ಮೂಸಿದ ವಾಸನೆಯನ್ನು ತಾನಾಗಿ ಕೇಳಿ ತಂದಳು.

ಮಂಗಳವಾರ ಅವನು ರಾಮದುರ್ಗಕ್ಕೆ ಹೋಗುತ್ತಿದ್ದ, ಮಗ್ಗದವರ ಹತ್ತಿರ ತನ್ನ ಅಂಗಡಿಗೆ ಸೀರೆ ತರಲು, ಬುಧವಾರ ಬರುತ್ತಿದ್ದ, ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ, ಆಗ ಬರುತ್ತಿದ್ದದ್ದು ಈ ಸೀಸೆಯ ವಾಸನೆ ಅಲ್ಲ, ಒಂದು ರಾತ್ರಿ ದಾಟಿದ ಸಂಪಗಿ, ಇನ್ನೊಬ್ಬಳ ಮೈಯಲ್ಲಿ ಕರಗಿ ಕಾದ ಹಾಲಿನ ಕೆನೆಯಾದದ್ದು, ಕಾಲರಿನಲ್ಲಿ ಎರಡು ಒಗೆತದ ತನಕ ಉಳಿಯುತ್ತಿತ್ತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಹೆಸರು ಬಂದದ್ದು ಲಗಮಪ್ಪನ ಬಾಯಿಂದ, ಸೀರೆಯ ಗಂಟು ಹೊತ್ತು ತಂದ ನೇಕಾರ, ನಮ್ಮ ಕೆಂಚವ್ವ ಸುತ್ತಿದ ನೂಲರಿ ಇದು, ಸಾವಕಾರ್ರಿಗೆ ಗೊತ್ತೈತಿ, ಅಂದು ನೆಲ ನೋಡಿದ್ದ. ಆ ಕೆಂಚವ್ವ ನಿನ್ನೆ ಬಂದಿದ್ದಳು, ರಾಮದುರ್ಗದ ಬಸ್ಸು ಇಳಿದು ವಿಚಾರಿಸಿಕೊಂಡು, ಕಟ್ಟೆಯ ಕೆಳಗೆ ನಿಂತಿದ್ದಳು, ಅರ್ಧ ನರೆತ ಕೂದಲು, ಸವೆದ ಹವಾಯಿ ಚಪ್ಪಲಿ, ಇಷ್ಟು ವರ್ಷ ಚನ್ನವ್ವ ಮನಸ್ಸಿನಲ್ಲಿ ಸಿಂಗರಿಸಿ ಇಟ್ಟ ಹೆಣ್ಣು ಇವಳಲ್ಲವೇ ಅಲ್ಲ — ಒಮ್ಮಿ ನೋಡಿ ಹೋಗತೇನ್ರಿ ಅಕ್ಕಾರ, ಒಳಗ ಬರಂಗಿಲ್ಲ, ಬಾಗಲದಾಗ ನಿಂದರತೇನಿ. ಅವರಿಗೆ ಯಾರ ಗುರುತೂ ಹತ್ತವಲ್ದು, ನೋಡಿ ಏನ ಮಾಡತಿ, ಹೋಗು, ಅಂದಳು ಚನ್ನವ್ವ. ಸುಳ್ಳು, ಅವತ್ತು ಮುಂಜಾನೆಯಷ್ಟೇ ಅವನು ಸೈಕಲ್ಲಿನ ಗಂಟೆ ಕೇಳಿ ಹಾಲಿನವನನ್ನು ಹೆಸರು ಹಿಡಿದು ಕರೆದಿದ್ದ. ಕೆಂಚವ್ವ ಹೂನ್ರಿ ಅಂದಳು ಅಷ್ಟೇ, ಜಗಳ ಆಡಲಿಲ್ಲ, ಅಳಲಿಲ್ಲ, ತಿರುಗಿದಾಗ ಅವಳ ಸೆರಗಿನಿಂದ ಒಂದಿಷ್ಟು ಗಾಳಿಗೆ ಬಂತು, ಅದೇ ಕೆನೆ. ಚನ್ನವ್ವನ ಮೈಯಲ್ಲಿ ಅದು ಕೆನೆಯಾಗುವುದಿಲ್ಲ, ಹಚ್ಚಿ ಅರ್ಧ ತಾಸಾಯಿತು, ಸಿಹಿ ಹಿಂದೆ ಸರಿದು ಕಿಲುಬು ಹಿಡಿದ ತಾಮ್ರದ ಕೊಡದ ಹಾಗೆ ಆಗುತ್ತಿದೆ, ಒಂದೇ ಎಣ್ಣೆ, ಆದರೆ ತನ್ನ ತೊಗಲಿಗೆ ಬಂದು ಹೀಗೆ — ಅದನ್ನೇ ಯೋಚಿಸುತ್ತ ದಿಂಬು ಸರಿಮಾಡಲು ಬಗ್ಗುತ್ತಾಳೆ, ಮುಂಗೈ ಅವನ ಮುಖದ ಮೇಲೆ ಹಾದುಹೋಗುತ್ತದೆ, ಅವನ ಕೈ ಎದ್ದು ಅದನ್ನು ಹಿಡಿಯುತ್ತದೆ, ಇಷ್ಟು ಶಕ್ತಿ ಎಲ್ಲಿತ್ತು. ಬಂದ್ಯಾ ಕೆಂಚಿ.

ಅಲ್ಲ ಅನ್ನಬೇಕು, ನಾನರಿ ಅನ್ನಬೇಕು, ಅಷ್ಟರಲ್ಲಿ ಅವನೇ ಮುಂದುವರಿಸುತ್ತಾನೆ. ದಾರಿ ನೋಡಾಕ ಹತ್ತಿದ್ದೆ, ನೀ ಬರೂದಿಲ್ಲ ಅಂದಕೊಂಡಿದ್ದೆ, ಅಕಿ ಇದ್ದಾಳೇನು ಮನ್ಯಾಗ, ಸಾವಕಾಶ ಮಾತಾಡು, ಅಕಿಗೆ ಗೊತ್ತಿಲ್ಲ ಪಾಪ, ಒಂದ ದಿನಾನೂ ಗೊತ್ತಾಗಿಲ್ಲ, ಗೊತ್ತಾದ್ರ ಎದಿ ಒಡಕೋತಾಳ. ಚನ್ನವ್ವ ಗೋಡೆ ನೋಡುತ್ತಾಳೆ, ಗೂಟ ನೋಡುತ್ತಾಳೆ, ಇಲ್ಲ, ಅಕಿ ಹೊರಗ ಹೋಗ್ಯಾಳ, ಅನ್ನುತ್ತಾಳೆ, ಪಿಸುದನಿಯಲ್ಲಿ, ಯಾರದೋ ದನಿಯಲ್ಲಿ. ಅವನ ಮುಖ ಸಡಿಲಾಗುತ್ತದೆ, ಕಾಣದ ಕಣ್ಣಿನ ಅಂಚಿನಲ್ಲಿ ನೀರು. ಈಗಲೇ ಯಾರನ್ನಾದರೂ ಬಸ್ಸಿಗೆ ಹತ್ತಿಸಿದರೆ ನಾಳೆ ಮಧ್ಯಾಹ್ನದೊಳಗೆ ಕೆಂಚವ್ವ ಬಂದಾಳು, ಬಾಗಿಲಲ್ಲೇಕೆ, ಇಲ್ಲೇ ಹಾಸಿಗೆಯ ಮೇಲೆ ಕುಂದರಲಿ, ಕೈ ಹಿಡಿಯಲಿ — ಹಿಡಿದ ಮರುಗಳಿಗೆಗೆ ಆ ಕೆನೆ ಅವನ ಮೂಗಿಗೆ ಹತ್ತುತ್ತದೆ, ಇವತ್ತು ಬಂದವಳು ಯಾರು ಎಂದು ತಿಳಿಯುತ್ತದೆ, ಹೊರಗೆ ಹೋಗಿದ್ದವಳು ಎಲ್ಲಿದ್ದಳು ಎಂದು ತಿಳಿಯುತ್ತದೆ. ಕರೆಸುವಂತಿಲ್ಲ. ಇನ್ನು ಎರಡು ದಿನ, ಹೆಚ್ಚಂದ್ರ ಮೂರು, ಅವನು ಕರೆದಾಗೆಲ್ಲ ಅವಳೇ ಬರಬೇಕು. ಪಟ್ಟಿ ಬಿಚ್ಚಿದ ಕಾಲು ಹಾಗೇ ತೆರೆದಿದೆ, ನೊಣ ಕೂತಿದೆ, ಓಡಿಸಬೇಕು, ಅವನು ಕೈ ಬಿಡುತ್ತಿಲ್ಲ, ಅವಳ ಮಣಿಕಟ್ಟನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಾನೆ, ಉಸಿರು ಎಳೆಯುತ್ತಾನೆ, ತಡೆಯುತ್ತಾನೆ, ಹುಬ್ಬು ತುಸು ಗಂಟಾಗುತ್ತದೆ, ಮತ್ತೆ ಎಳೆಯುತ್ತಾನೆ, ಇನ್ನೂ ಆಳಕ್ಕೆ, ಏನನ್ನೋ ಹುಡುಕುವವನ ಹಾಗೆ, ಅವಳು ಉಸಿರು ಹಿಡಿದು ಕೂತಿದ್ದಾಳೆ, ಅವನ ಮೂಗು ಅವಳ ನಾಡಿಯ ಮೇಲೆ, ಹುಡುಕುತ್ತಿದೆ —